ಮನೆಯಿಂದ ತೆರೆಯುವ ಆಫೀಸು

ಮನೆಯ ನಡುಕೋಣೆಯಿಂದ,
೧೧ನೇ ತಾರೀಕು, ಗುರುವಾರ, ಬೆಳಗಿನ ಚಹಾ ಆದ ಮೇಲೆ

ಪ್ರೀತಿಯ ಗುಬ್ಬಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಗಂಟಲು ನೋವು ಹೋಯಿತೇ? ದಿನವಿಡೀ ಆ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳಬೇಡ. ಬಿಸಿನೀರು ಕುಡಿ, ಕೂಗುವ ಕೆಲಸವನ್ನು ಹೆಡ್‌ಮಾಸ್ತರರಿಗೆ ಬಿಡು. ನಿನ್ನ ಚಿಕ್ಕಮ್ಮ ಮೊದಲಿಗಿಂತ ವಾಸಿ. ಎಡಗೈ ಇನ್ನೂ ಮುನಿಸಿಕೊಂಡೇ ಇದೆ, ಎಡಗಾಲೂ ಅದರ ಪಕ್ಷಕ್ಕೆ ಸೇರಿದೆ. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ಎಬ್ಬಿಸುವುದು, ಕೂರಿಸುವುದು, ಮೈ ಒರೆಸುವುದು, ಉಣಿಸುವುದು ಎಲ್ಲ ನಾನೇ. ಜಡೆ ಹೆಣೆಯುವುದನ್ನೂ ಕಲಿತೆ. ಕಬ್ಬಿಣದ ಸರಳನ್ನೇ ಬಳ್ಳಿಯಂತೆ ಬಗ್ಗಿಸಿದ ಕೈಗೆ ಜಡೆ ಯಾವ ಮಹಾ? ಆದರೆ ಅವಳು ಒಪ್ಪಬೇಕಲ್ಲ. ಕನ್ನಡಿ ನೋಡಿಕೊಂಡು "ಇದು ಜಡೆಯಲ್ಲ, ಗೇಟಿಗೆ ಹಾಕೋ ಸರಪಳಿ" ಎಂದಳು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಈಚೆಗೆ ಫೋನಿಗೆ ಸಿಗುವುದಿಲ್ಲ. ಸಿಕ್ಕರೂ "ಚಿಕ್ಕಪ್ಪ, ಆಮೇಲೆ ಮಾಡ್ತೀನಿ" ಅಂದು ಇಡುತ್ತೀಯ. ಕಾಗದಕ್ಕಾದರೆ ಹಾಗೆ ಹೇಳಿ ಇಡಲು ಬರುವುದಿಲ್ಲ. ಮೇಲಾಗಿ ನನ್ನ ಕೈಬರಹ ಹಾಳಾಗಬಾರದು. ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ತರಗತಿ ದಾಟಲಿಲ್ಲ ನಿಜ, ಆದರೆ ಕಪ್ಪು ಹಲಗೆಯ ಮೇಲೆ ದಿನದ ನುಡಿ ಬರೆಯಲು ಮೇಷ್ಟ್ರು ಕರೆಯುತ್ತಿದ್ದದ್ದು ನನ್ನನ್ನೇ, ನಿನ್ನ ಅಪ್ಪನನ್ನಲ್ಲ. ಬೇಕಾದರೆ ಅವನನ್ನೇ ಕೇಳು. ಒಪ್ಪಲಾರ, ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮ ಲಕ್ವ ಹೊಡೆದು ಬಿದ್ದ ಮೇಲೆ, ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದಾಗ, ಕೆಲಸ ಬಿಡಬೇಕೋ ಅವಳನ್ನು ಬಿಡಬೇಕೋ ಎಂದು ನಾನು ಗೋಡೆ ನೋಡುತ್ತ ಕೂತಿದ್ದೆ. ಮೂರನೆಯ ದಾರಿ ತೋರಿಸಿದವಳು ನೀನು. ನಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊರಲು ನಾನು ಬೇಕಾಗಿಲ್ಲ. ಗೇಟಿನದೋ ಗ್ರಿಲ್ಲಿನದೋ ಅಳತೆ ನೋಡಿ, "ಇಲ್ಲಿ ಕೊಯ್ಯಿ, ಇಲ್ಲಿ ಬಗ್ಗಿಸು" ಎಂದು ವೆಲ್ಡರುಗಳಿಗೆ ಹೇಳಲು ಬೇಕು. ಅಳತೆಗಳೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿವೆ. "ಅದನ್ನು ಮನೆಯಿಂದಲೇ ತೆರೆಯಬಹುದು ಚಿಕ್ಕಪ್ಪ" ಎಂದೆ ನೀನು. ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಒಂದು ಇಡೀ ಭಾನುವಾರ ಫೋನಿನ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು. ಮೊದಲು ಆಫೀಸಿನ ಯಂತ್ರಕ್ಕೆ ಒಂದು ನಂಬರು, ಒಂದು ಪಾಸ್‌ವರ್ಡು. ಆಮೇಲೆ ಮನೆಗೆ ಬಂದು ಇಲ್ಲಿಯ ಯಂತ್ರದಲ್ಲಿ ಅದೇ ನಂಬರು, ಅದೇ ಪಾಸ್‌ವರ್ಡು. ಆಫೀಸಿನ ಪರದೆ ಹಾಗೇ ಎದ್ದು ಬಂದು ನಮ್ಮ ನಡುಕೋಣೆಯಲ್ಲಿ ಕೂತಿತು! ಒಂದು ಪೆಟ್ಟಿಗೆಯನ್ನೂ ಹೊರದೆ ಆಫೀಸನ್ನೇ ಮನೆಗೆ ತಂದವನು ನಮ್ಮ ವಂಶದಲ್ಲಿ ನಾನೊಬ್ಬನೇ.

ಈ ಮಾತನ್ನು ಎದುರುಮನೆಯ ಟೈಲರಮ್ಮನಿಗೂ ಹೇಳಿದೆ, ಏಕಕಾಲಕ್ಕೆ ಎರಡು ಕಡೆ ಇರುವ ಮನುಷ್ಯನನ್ನು ನೋಡಿದ್ದೀರಾ ಎಂದು. ಆಕೆ ಬಾಯಲ್ಲಿದ್ದ ದಾರ ಕಡಿದು, "ಹಾಗಾದ್ರೆ ಎರಡೂ ಕಡೆ ಸುಮ್ನೆ ಕೂತಿರ್ತೀರಿ ಅನ್ನಿ" ಎಂದಳು. ಜನಕ್ಕೆ ಹೊಟ್ಟೆಕಿಚ್ಚು.

ಕೆಲಸ ಮಾತ್ರ ನೀರು ಹರಿದ ಹಾಗೆ ನಡೆಯಿತು. ಒಂದು ದಿನ ಸ್ವಲ್ಪ ತಮಾಷೆ ಮಾಡಿದೆ, ಅಷ್ಟೇ. ಮಧ್ಯಾಹ್ನದ ಹೊತ್ತು ನಿನ್ನ ಅಪ್ಪ ಕುರ್ಚಿಯಲ್ಲಿ ತೂಕಡಿಸುವುದು ನನಗೆ ಗೊತ್ತಿಲ್ಲವೇ? ಆ ಹೊತ್ತು ನೋಡಿಕೊಂಡು ಅವನ ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ, "ಅಣ್ಣಾ, ಗೊರಕೆ ಇಲ್ಲಿಗೂ ಕೇಳಿಸುತ್ತಿದೆ" ಎಂದು ಬರೆದೆ. ಎದುರಿಗೆ ಗಿರಾಕಿಯೊಬ್ಬ ಕೂತಿದ್ದಾನೆಂದು ನನಗೆ ಹೇಗೆ ಗೊತ್ತಾಗಬೇಕು? ಆತ ನಕ್ಕು ನಕ್ಕು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡನಂತೆ. ನಿನ್ನ ಅಪ್ಪ ನಗಲಿಲ್ಲ. "ನನ್ನ ಆಫೀಸಲ್ಲಿ ನನ್ನ ಬೆನ್ನ ಹಿಂದೆ ಯಾರು ಓಡಾಡ್ತಿರೋದು?" ಎಂದನಂತೆ. ನನ್ನ ಆಫೀಸು! ನಿನ್ನ ತಾತ ಅದನ್ನು ಕಟ್ಟುವಾಗ ಇಟ್ಟಿಗೆ ಹೊತ್ತವರು ನಾವಿಬ್ಬರೂ. ನಾನೇ ಒಂದಿಷ್ಟು ಹೆಚ್ಚು ಹೊತ್ತೆ.

ಅಲ್ಲಿಂದ ಶುರುವಾಯಿತು ಅವನ ಆಟ. ಬೆಳಿಗ್ಗೆ ಬೇಗ ಬಂದು ಕಂಪ್ಯೂಟರ್ ಹಚ್ಚುತ್ತಿದ್ದವನು ತಡವಾಗಿ ಬರತೊಡಗಿದ. ಹಳೆಯ ಷೆಡ್ಡು ವೈರಿನ ಕಿಡಿಯಿಂದ ಸುಟ್ಟುಹೋದ ಮೇಲೆ ತಾತ ಹಾಕಿದ ಕಟ್ಟಳೆ ನಿನಗೆ ಗೊತ್ತು. ಸಂಜೆ ಕಡೆಗೆ ಹೊರಡುವವನು ಮೈನ್ ಸ್ವಿಚ್ ಇಳಿಸಿ "ಇಳಿಸಿದೆ!" ಎಂದು ಕೂಗಬೇಕು, ಗೇಟಿನಲ್ಲಿರುವವನು "ಕೇಳಿಸ್ತು!" ಎನ್ನಬೇಕು, ಆಮೇಲೆಯೇ ಬೀಗ. ಮೀಸೆ ಬರುವ ಮೊದಲಿನಿಂದ ನಾವಿಬ್ಬರೂ ಹಾಗೇ ಕೂಗಿಕೊಂಡು ಬಂದವರು. ಅದನ್ನು ಮುರಿಯೆಂದು ನಾನು ಹೇಳಲಿಲ್ಲ. ಆದರೆ ಕರೆಂಟು ಹೋದರೆ ಕಂಪ್ಯೂಟರ್ ಸತ್ತ ಹಾಗೆ. ಅದು ರಾತ್ರಿಯೂ ಚಾಲೂ ಇರಲೆಂದು ಎಲೆಕ್ಟ್ರಿಷಿಯನ್‌ನನ್ನು ಫೋನಿನಲ್ಲೇ ಒಪ್ಪಿಸಿ ಅಲ್ಲಿಗೆ ಕಳಿಸಿ, ಕಂಪ್ಯೂಟರಿಗೆ ಮಾತ್ರ ಬೇರೆ ವೈರು ಎಳೆಸಿ, ಅದಕ್ಕೊಂದು ಸಣ್ಣ ಸ್ವಿಚ್ ಹಾಕಿಸಿದೆ. ನಿನ್ನ ಅಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತು ನೋಡಿದನಂತೆ, ಬೇಡ ಅನ್ನಲಿಲ್ಲವಂತೆ. ಆ ಸಂಜೆ ಏನು ಮಾಡಿದ ಗೊತ್ತೇ? ಎರಡನ್ನೂ ಇಳಿಸಿ ಎರಡು ಸಲ ಕೂಗಿದನಂತೆ: "ಇಳಿಸಿದೆ! ಅದನ್ನೂ ಇಳಿಸಿದೆ!"

ಬೆಳಿಗ್ಗೆ ಕೆಲಸಗಾರರು ಬಂದು ಸ್ವಿಚ್ ಏರಿಸುತ್ತಾರೆ, ವೆಲ್ಡಿಂಗಿಗೆ ಕರೆಂಟು ಬರುತ್ತದೆ. ಕಂಪ್ಯೂಟರು ತಾನಾಗಿ ಏಳುವುದಿಲ್ಲವಲ್ಲ, ಯಾರಾದರೂ ಗುಂಡಿ ಒತ್ತಬೇಕು. ಆಫೀಸು ಕೋಣೆಗೆ ಬೀಗ, ಬೀಗದ ಕೈ ನಿನ್ನ ಅಪ್ಪನ ಜೇಬಿನಲ್ಲಿ, ನಿನ್ನ ಅಪ್ಪ ಹಾಸಿಗೆಯಲ್ಲಿ. ಅವನು ಬಿಸಿಲೇರಿದ ಮೇಲೆ ಬರುವ ತನಕ ನನ್ನ ಪರದೆಯಲ್ಲಿ "ಆ ಕಂಪ್ಯೂಟರ್ ಸದ್ಯ ಸಿಗುತ್ತಿಲ್ಲ" ಎಂಬ ಒಂದೇ ಸಾಲು. ನಮ್ಮದೇ ಮನೆಯ ಬಾಗಿಲು ತಟ್ಟುತ್ತ ಬೀದಿಯಲ್ಲಿ ನಿಂತವನ ಹಾಗೆ ಕೂತಿರುತ್ತೇನೆ.

ಹೀಗಿರುವಾಗಲೇ ಕಣ್ಣಿನ ಡಾಕ್ಟರರ ಮನೆಯ ಕಬ್ಬಿಣದ ಮೆಟ್ಟಿಲಿನ ಸರದಿ ಬಂತು, ತಾರಸಿಗೆ ಹತ್ತುವುದು. ಬೆಳ್ಳಂಬೆಳಿಗ್ಗೆ ಹಿರಿಯ ವೆಲ್ಡರು ಫೋನು ಮಾಡಿ, "ಚಿಕ್ಕ ಯಜಮಾನ್ರೇ, ಸರಳು ಹಿಡ್ಕೊಂಡು ನಿಂತಿದೀವಿ, ಎಷ್ಟಕ್ಕೆ ಕೊಯ್ಯೋಣ?" ಎಂದ. ಫೈಲು ಸಿಗಲಿಲ್ಲ. ಚಿಕ್ಕಮ್ಮ ಬೀಳುವ ಮೊದಲು ಅಳತೆ ತೆಗೆದವನು ನಾನೇ, ನನ್ನ ತಲೆಗಿಂತ ದೊಡ್ಡ ಫೈಲು ಯಾವುದಿದೆ? ನೆನಪಿನಿಂದಲೇ ಹೇಳಿದೆ. ನೆನಪು ಸರಿಯಾಗಿಯೇ ಇತ್ತು, ಗುಬ್ಬಿ. ಆದರೆ ಡಾಕ್ಟರರು ಆಮೇಲೆ ತಾರಸಿಯ ನೆಲ ಎತ್ತರಿಸಿದ್ದರಂತೆ. ನಿನ್ನ ಅಪ್ಪ ಹೊಸ ಅಳತೆಯನ್ನು ಫೈಲಿನಲ್ಲಿ ಬರೆದಿದ್ದ, ನನಗೆ ಬಾಯಿಬಿಟ್ಟು ಹೇಳಿರಲಿಲ್ಲ. ಮೆಟ್ಟಿಲು ನಿಲ್ಲಿಸಿ ನೋಡಿದರೆ ತಾರಸಿ ಒಂದು ಮೆಟ್ಟಿಲು ಮೇಲಿದೆ. ಹತ್ತಿದವನು ಕೊನೆಗೆ ಹಾರಬೇಕು.

ಆ ದಿನ ವೆಲ್ಡರನ ಫೋನನ್ನು ಸ್ಪೀಕರಿಗೆ ಹಾಕಿಸಿ, ಎಲ್ಲ ಕೆಲಸಗಾರರ ಎದುರು ನಿನ್ನ ಅಪ್ಪ ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಹೆಂಡತಿ ಮಂಚದ ಪಕ್ಕ ಕೂತ್ಕೊಂಡು ಮೆಟ್ಟಿಲು ಕಟ್ಟೋಕಾಗಲ್ಲ. ಬರೋದಾದ್ರೆ ಬಾ. ಇಲ್ಲಾಂದ್ರೆ ಬೇರೆಯವರನ್ನ ಇಟ್ಕೋತೀನಿ, ತಿಂಗಳ ಕೊನೇಲಿ ಹೇಳು." ಚಿಕ್ಕಮ್ಮನಿಗೂ ಕೇಳಿಸಿತು. ಅವಳು ಮುಖವನ್ನು ಗೋಡೆಗೆ ತಿರುಗಿಸಿ ಮಲಗಿದಳು. ಅವಳು ಬಿದ್ದ ಮೇಲೆ ಒಂದು ಸಲವಾದರೂ ನೋಡಲು ಬಂದನೇ ಆ ಮಹಾನುಭಾವ? ವರ್ಕ್‌ಶಾಪಿನಿಂದ ಇಲ್ಲಿಗೆ ಎರಡು ಬೀದಿ. ನಿನ್ನ ಅಮ್ಮ ತೀರಿಕೊಂಡ ವರ್ಷ, ನಿನಗೂ ಅವನಿಗೂ ಎರಡು ಹೊತ್ತೂ ಬಡಿಸಿದವಳು ಅವಳು. ಅವಳೇ ಈಗ ತಾನಾಗಿ ಏಳಲಾರಳು. ಇದನ್ನು ಬರೆಯಬಾರದಿತ್ತು. ಬರೆದಾಯಿತು, ಹೊಡೆದು ಹಾಕುವುದಿಲ್ಲ.

ನಾನು ಆಫೀಸಿಗೆ ಹೋದರೆ ಅವಳಿಗೆ ನೀರು ಕೊಡುವವರಿಲ್ಲ. ಹೋಗದಿದ್ದರೆ ನನ್ನ ಕೆಲಸವಿಲ್ಲ. ನಡುವೆ ಇರುವುದು ಆ ಸಣ್ಣ ಸ್ವಿಚ್ ಒಂದೇ. ನಿನ್ನ ಅಪ್ಪ ಕೇಳುವುದಿದ್ದರೆ ನಿನ್ನ ಮಾತನ್ನೇ ಕೇಳಬೇಕು. "ಅಪ್ಪಾ, ಅದೊಂದನ್ನು ಇಳಿಸಬೇಡ" ಅನ್ನು, ಸಾಕು. ನನ್ನ ಹೊಗಳಿಕೆ ಬೇಡ. ಗೊರಕೆಯ ವಿಷಯಕ್ಕೆ ಬೇಕಾದರೆ ತಪ್ಪಾಯಿತೆಂದು ದಪ್ಪ ಅಕ್ಷರಗಳಲ್ಲೇ ಬರೆದುಕೊಡುತ್ತೇನೆ.

ಚಿಕ್ಕಮ್ಮ ಬಲಗೈಯನ್ನಷ್ಟೇ ಎತ್ತಿ ಹರಸಿದ್ದಾಳೆ, ಕಡಿಮೆ ಎಂದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಚೆನ್ನಾಗಿ ಬಾಳು.

ಇಂತು ನಿನ್ನ,
ಎರಡು ಕಡೆ ಇರುವ ಚಿಕ್ಕಪ್ಪ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಣ್ಣ ಬಂದಿರಬಹುದೆಂದು ಕೆಲಸಕ್ಕೆ ಕೂತೆ. ಇವತ್ತು ಕಂಪ್ಯೂಟರ್ ಸಿಕ್ಕಿತು, ಪಾಸ್‌ವರ್ಡ್ ಮಾತ್ರ ತಪ್ಪು ಎನ್ನುತ್ತಿದೆ. ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿ ನೋಡಿದೆ. ತಪ್ಪು ಅಂತಲೇ ಹೇಳುತ್ತದೆ. ವೆಲ್ಡರನಿಗೆ ಫೋನು ಮಾಡಿ ಏನಾಗಿದೆ ನೋಡಪ್ಪಾ ಎಂದೆ. ಆತ ತಡವರಿಸಿದ. ಆಮೇಲೆ, "ನಿನ್ನೆ ಸಂಜೆ ದೊಡ್ಡ ಯಜಮಾನ್ರು ಫೋನು ಕಿವಿಗೆ ಇಟ್ಕೊಂಡು ಕಂಪ್ಯೂಟರ್ ಮುಂದೆ ಬಹಳ ಹೊತ್ತು ಕೂತಿದ್ರು. 'ಹೂಂ ಮಗಳೇ, ಒತ್ತಿದೆ, ಮುಂದೇನು?' ಅಂತಿದ್ರು" ಎಂದ. ನನಗೆ ಹೇಳಿಕೊಟ್ಟಷ್ಟೇ ತಾಳ್ಮೆಯಿಂದ, ಪಾಸ್‌ವರ್ಡ್ ಬದಲಿಸುವುದನ್ನು ಅವನಿಗೂ ಹೇಳಿಕೊಟ್ಟಿರುತ್ತೀಯ. ಹೆತ್ತ ಅಪ್ಪ ಕೇಳಿದರೆ ಇಲ್ಲ ಅನ್ನಲಾಗುತ್ತದೆಯೇ? ಆದರೆ ನನಗೂ ಒಂದು ಮಾತು ಹೇಳಬಹುದಿತ್ತು, ಕೂಸೇ. ಮೇಲೆ ಕೇಳಿಕೊಂಡದ್ದನ್ನು ಬಿಟ್ಟುಬಿಡು, ಅವನಿಗೆ ಏನೂ ಹೇಳಬೇಡ. ಚಿಕ್ಕಮ್ಮನಿಗಂತೂ ಹೇಳಲೇಬೇಡ. ಈಗಷ್ಟೇ ಮಂಚದಿಂದ "ಆಫೀಸು ತೆರೀತಾ?" ಎಂದು ಕೇಳಿದಳು. "ತೆರೀತು ಕಣೇ, ಇವತ್ತು ಕೆಲಸ ಜಾಸ್ತಿ" ಎಂದು ಪರದೆಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿಕೊಂಡು ಕೂತಿದ್ದೇನೆ.