ನೀನಿರುವವರೆಗಿನ ಮನೆ

ಗ್ರೇ ಶೋಲ್ ದ್ವೀಪ, ಉತ್ತರ ಕೆರೊಲಿನಾ
ಸೋಮವಾರ, ಫೆಬ್ರವರಿ 9, 1998

ಆಲ್ಮನ್,

ಶುಕ್ರವಾರ ನೀನು ದೋಣಿಕಟ್ಟೆಯಲ್ಲಿ ಎದೆ ಹಿಡಿದುಕೊಂಡು ಕುಸಿದೆಯಂತೆ. ಟಪಾಲು ದೋಣಿಯ ಕ್ಲೇಟನ್ ಇಂದು ಬೆಳಿಗ್ಗೆ ಹೇಳಿದ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ, ಒಬ್ಬನೇ ಇದ್ದೀಯ, ಉಪ್ಪುಮೀನು ಇನ್ನೂ ಬಿಟ್ಟಿಲ್ಲ ಎಂದೂ ಅವನೇ ಹೇಳಿದ. ಹೇಳಿ ನಕ್ಕ: "ನಿನ್ ಮನೆ ಅಲ್ಲಾಡ್ತಿದೆ ನೋಡೇ, ಓಲೀಟಾ!"

ಈ ಮಾತು ನಮ್ಮಿಬ್ಬರಿಗೂ ಹಳತು. ದ್ವೀಪವನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಸರ್ಕಾರ ನಮ್ಮ ಮನೆಯನ್ನೂ ಕೊಂಡಿತು. ಮನೆ ನಿನ್ನ ಹೆಸರಲ್ಲಿದ್ದುದರಿಂದ, ನೀನು ಬದುಕಿರುವವರೆಗೆ ಗಂಡ ಹೆಂಡತಿ ಅದರಲ್ಲಿ ಇರಬಹುದು, ಆಮೇಲೆ ಕೆಡವುತ್ತೇವೆ ಎಂಬ ಕರಾರು. "ನಮ್ ಮನೇಲೇ ಬಾಡಿಗೆಯವ್ನ ಥರ ನಾನಿರಲ್ಲ" ಎಂದು ನೀನು ಆಚೆ ದಡಕ್ಕೆ ಹೋದೆ. ನಾನು ಉಳಿದೆ. ಅಂದಿನಿಂದ ನೀನು ಕೆಮ್ಮಿದರೂ ಜನ ನನ್ನ ಮುಖ ನೋಡುತ್ತಾರೆ.

ಹೋದ ಚಳಿಗಾಲ ನಿನಗೆ ಜ್ವರವೆಂದು ಚಿಪ್ಪುಮೀನಿನ ಸಾರು ಕಳಿಸಿದ್ದೆ. ನೀನು ಮುಚ್ಚಳವನ್ನೂ ತೆಗೆಯದೆ ವಾಪಸು ಕಳಿಸಿದೆ. "ಇನ್ನೂ ಸತ್ತಿಲ್ಲ, ಮನೆ ಭದ್ರವಾಗಿದೆ ಅಂತ ಅವಳಿಗೆ ಹೇಳು" ಎಂದೆಯಂತೆ. ಆ ಸಾರನ್ನು ಬಿಸಿ ಮಾಡಿಕೊಂಡು ನಾನೇ ಕುಡಿದೆ.

ಇಲ್ಲಿ ವಿಶೇಷವೇನಿಲ್ಲ. ಪ್ರವಾಸಿಗರು ಬರುವುದು ಇನ್ನು ಏಪ್ರಿಲ್‌ಗೆ. ಈಶಾನ್ಯದ ಗಾಳಿ ಜಗಲಿಗೆ ಮರಳು ತಂದು ಸುರಿಯುತ್ತದೆ. ಬೆಳಿಗ್ಗೆ ಎತ್ತಿ ಹಾಕುತ್ತೇನೆ, ಸಂಜೆಗೆ ಮತ್ತೆ ಅಷ್ಟೇ ಇರುತ್ತದೆ. ಮನೆ ಮುಂದಿನ ದಿಬ್ಬವನ್ನು ಕಡಲು ಅರ್ಧ ತಿಂದಿದೆ. ರೇಡಿಯೊದಲ್ಲಿ ಹವಾಮಾನ ಓದುವವನಿಗೆ ನಾನು ಉತ್ತರ ಕೊಡುತ್ತಿದ್ದುದು ಉದ್ಯಾನದ ಕಾವಲಿನ ರೂತ್‌ಗೆ ಹೊರಗಿನಿಂದ ಕೇಳಿಸಿತು. "ಯಾರ್ ಬಂದಿದಾರೆ ಒಳಗೆ?" ಎಂದಳು. ನೆಂಟರು ಎಂದೆ.

ಉಪ್ಪು ಬಿಡು. ಮಾತ್ರೆ ತಪ್ಪಿಸಬೇಡ. ಬಲೆ ಎಳೆಯುವ ಕೆಲಸ ಬೇರೆಯವರು ಮಾಡಲಿ.

ಇಂತಿ,
ಓಲೀಟಾ

ಮರೆತಿದ್ದೆ: ಮನೆ ಖಾಲಿ ಬಿಟ್ಟರೂ ಕರಾರು ಮುಗಿಯುತ್ತದೆ. ಖಾಲಿ ಮಾಡುತ್ತೇನೆಂದು ಇಂದು ಮಧ್ಯಾಹ್ನ ರೂತ್‌ಗೆ ಸಹಿ ಹಾಕಿ ಕೊಟ್ಟೆ. "ಹೋದ್ರೆ ಮತ್ತೆ ಬರಕ್ಕಾಗಲ್ಲ, ಗೊತ್ತಲ್ವಾ?" ಎಂದು ಎರಡು ಸಲ ಕೇಳಿದಳು. ಗೊತ್ತು ಎಂದೆ. ನಿನ್ನನ್ನು ಕೇಳಲಿಲ್ಲ, ಹೋಗುವಾಗ ನೀನೂ ನನ್ನನ್ನು ಕೇಳಿರಲಿಲ್ಲ. ಇನ್ನು ನೀನು ಬದುಕಿದ್ದರೆ ನನಗೆ ಒಂದು ಮೊಳೆಯಷ್ಟೂ ಲಾಭವಿಲ್ಲ. ಆದರೂ ಬದುಕಿರು. ಕ್ಲೇಟನ್ನನ ದೋಣಿ ಗುರುವಾರ ಹತ್ತು ಗಂಟೆಗೆ ಇಲ್ಲಿಂದ ಹೊರಡುತ್ತದೆ. ಅದರಲ್ಲಿ ನಾನು, ನಾಯಿ ಮತ್ತು ಸಾರಿನ ಪಾತ್ರೆ ಇರುತ್ತೇವೆ.