ಅಕ್ಕ ಬರೆಸಿದ ಎರಡು ಪದ

ಮೂಳೆ ವಾರ್ಡು, ಹನ್ನೊಂದನೇ ಹಾಸಿಗೆ
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಕೆಮ್ಮು ಕಡಿಮೆಯಾಯಿತೇ? ಹೋದ ತಿಂಗಳು ಬಚ್ಚಲಲ್ಲಿ ಜಾರಿ ನಿನ್ನ ಮಣಿಕಟ್ಟು ಮುರಿಯಿತೆಂದು ಯಾರೋ ಹೇಳಿದರು. ಪಟ್ಟಿ ಬಿಚ್ಚಿದರೇ? ಮೂರು ವರ್ಷ ಮಾತಿಲ್ಲದವನು ಇಷ್ಟೆಲ್ಲ ವಿಚಾರಿಸುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡ. ಮಾತು ಬಿಟ್ಟವಳು ನೀನು.

ನನ್ನ ಸೊಂಟದ ಮೂಳೆ ಮುರಿದಿದೆ. ಅಂಗಡಿ ಬೋರ್ಡು ಬರೆಯುವವನು ಏಣಿಯಿಂದ ಬಿದ್ದಿರಬೇಕು ಎಂದುಕೊಳ್ಳುತ್ತೀಯ. ಇಪ್ಪತ್ತೆರಡು ವರ್ಷ ಏಣಿ ಹತ್ತಿ ಒಮ್ಮೆಯೂ ಬೀಳದವನು ಮನೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಹೋಗಿ ಕುಸಿದೆ. ಹೋದ ವರ್ಷ ಜೋರಾಗಿ ಸೀನಿದ್ದಕ್ಕೆ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅದಕ್ಕೂ ಮೊದಲು, ನಿನ್ನ ಮನೆ ಅಂಗಳದಲ್ಲಿ, ಮುಂಗೈ.

ಆ ದಿನ ನೆನಪಿದೆಯಲ್ಲ? ಗೇಟಿಗೆ ಬಣ್ಣ ಹೊಡೆಯಲು ನೀನೇ ಕರೆದಿದ್ದೆ. ನಾನು ಎಡವಿ ಬಿದ್ದೆ. ಆಸ್ಪತ್ರೆಯ ಫಾರಂ ನೀನೇ ತುಂಬಿಸಿದೆ. ನರ್ಸು ಚಟಗಳ ಬಗ್ಗೆ ಕೇಳಿದಾಗ, "ಕುಡೀತಾನೆ, ಇನ್ನೇನು? ಕೈ ನಡುಗುತ್ತೆ, ಕಣ್ಣು ಹಳದಿ, ಹತ್ರ ಬಂದ್ರೆ ಘಾಟು" ಅಂದೆ. ಆ ಘಾಟು ಬಣ್ಣಕ್ಕೆ ಬೆರೆಸುವ ಥಿನ್ನರಿನದು ಅಕ್ಕಾ! ಚಿಕ್ಕಂದಿನಿಂದ ನನ್ನನ್ನು ಬಣ್ಣದ ಡಬ್ಬಿ ಎಂದೇ ಕರೆದ ನಿನಗೆ ಅದರ ವಾಸನೆ ಗೊತ್ತಾಗಲಿಲ್ಲ. ಒಂದು ತೊಟ್ಟೂ ಮುಟ್ಟಿದವನಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳಿದೆ. "ಎಲ್ಲಾ ಕುಡುಕ್ರೂ ಹೀಗೇ ಅನ್ನೋದು" ಎಂದು ನೀನು ಮುಖ ತಿರುಗಿಸಿದೆ, ಅಂದೇ ಮಾತೂ ಬಿಟ್ಟೆ.

ಅಂದಿನಿಂದ ಫೈಲು ತೆರೆದ ಡಾಕ್ಟರೆಲ್ಲ ಆ ಎರಡೇ ಪದ ಓದಿದರು: ಕುಡಿಯುವ ಚಟ. ಕೈಗೆ ಪಟ್ಟಿ ಹಾಕಿದರು, ಪಕ್ಕೆಗೆ ಮಾತ್ರೆ ಕೊಟ್ಟರು, ಮೊದಲು ಕುಡಿಯೋದು ಬಿಡಪ್ಪ ಎಂದು ಬುದ್ಧಿ ಹೇಳಿ ಕಳಿಸಿದರು. ಈ ಸಲದ ಡಾಕ್ಟರಮ್ಮ ಮಾತ್ರ ಫೈಲು ಮುಚ್ಚಿಟ್ಟು ನನ್ನನ್ನೇ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಕಾಮಾಲೆಯ ವೈರಸ್ಸೊಂದು ಹುಟ್ಟಿದಾಗಿನಿಂದಲೂ ಒಳಗೇ ಕೂತು ನನ್ನ ಲಿವರನ್ನು ತಿಂದಿದೆಯಂತೆ. ಲಿವರು ಹೀಗೆ ಕೆಟ್ಟರೆ ಮೂಳೆಯೂ ಸದ್ದಿಲ್ಲದೆ ಸವೆಯುತ್ತದಂತೆ. "ಮೊದಲ್ನೇ ಸಲ ಮುರಿದಾಗ್ಲೇ ನೋಡಿದ್ರೆ ಸೊಂಟ ಉಳೀತಿತ್ತೇನೋ" ಅಂದರು. ಇನ್ನು ಏಣಿ ಹತ್ತುವ ಹಾಗಿಲ್ಲ. ನನ್ನ ಹೆಂಡತಿ ಬ್ರಷ್ಷುಗಳನ್ನೆಲ್ಲ ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾಳೆ. ಸುಳ್ಳೇಕೆ ಹೇಳಲಿ, ನಿನ್ನನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನಗೆ ಏನು ಹೇಳಬೇಕೋ ತಿಳಿಯದು.

ಇಂತಿ ನಿನ್ನ ತಮ್ಮ,
ಬಣ್ಣದ ಡಬ್ಬಿ

ತಾ. ಕ.: ಈ ರೋಗ ಹುಟ್ಟುವಾಗ ಅಮ್ಮನಿಂದಲೇ ಬಂದಿರಬೇಕು ಎಂದರು ಡಾಕ್ಟರಮ್ಮ. ಅಮ್ಮನೂ ಮಂಚದಿಂದ ಇಳಿಯುವಾಗ ಸೊಂಟ ಮುರಿದುಕೊಂಡಳಲ್ಲ. ನಮ್ಮಿಬ್ಬರನ್ನೂ ಹೆತ್ತವಳು ಅವಳೇ. ನಿನ್ನ ಮಣಿಕಟ್ಟು ಬಚ್ಚಲು ಜಾರಿದ್ದರಿಂದಲೇ ಮುರಿಯಿತು ಎಂದುಕೊಂಡು ಕೂರಬೇಡ. ನಾಳೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸು, ಮಕ್ಕಳಿಗೂ ಮಾಡಿಸು. ಫಾರಂ ತುಂಬುವಾಗ ಕುಡಿಯುತ್ತೀಯಾ ಎಂದು ಕೇಳುತ್ತಾರೆ. ನೀನು ಇಲ್ಲ ಎಂದದ್ದನ್ನು ಅವರು ನಂಬದಿದ್ದರೆ ನನಗೆ ಹೇಳಿ ಕಳಿಸು. ಸ್ಟ್ರೆಚರಿನಲ್ಲಾದರೂ ಬಂದು ಸಾಕ್ಷಿ ಹೇಳುತ್ತೇನೆ.