ಬಾತುಕೋಳಿ ನುಂಗಿದ ಉಂಗುರದ ವಿಚಾರ

ರೋಮ್ ನಗರದ ಉದ್ಯಾನಗಳನ್ನೂ ಕೊಳಗಳನ್ನೂ ಬಾತುಕೋಳಿಗಳನ್ನೂ ಕಾಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕೊಳದ ಒಂದು ಬಾತುಕೋಳಿಯ ಹೊಟ್ಟೆಯಲ್ಲಿ ನನ್ನ ಉಂಗುರವಿದೆ. ಅದನ್ನು ಅಲ್ಲಿಗೆ ತಲುಪಿಸಿದ್ದು ನಿಮ್ಮ ದೋಣಿಕಟ್ಟೆಯ ಮೈಕು. ಅಷ್ಟು ಸಾಲದೆಂಬಂತೆ, ಉಂಗುರ ತಂದ ಸಜ್ಜನರೊಬ್ಬರ ಮೇಲೆ ‘ಪಕ್ಷಿಗಳಿಗೆ ಆಹಾರ ಹಾಕಿದ್ದಾರೆ’ ಎಂದು ಆರೋಪ ಹೊರಿಸಿ, ಈ ಬೇಸಿಗೆ ಮುಗಿಯುವವರೆಗೆ ಅವರಿಗೆ ದೋಣಿ ಬಾಡಿಗೆಗೆ ಕೊಡಕೂಡದೆಂದು ಆಜ್ಞೆ ಹೊರಡಿಸಿದ್ದೀರಿ. ಪರಿಣಾಮವಾಗಿ ನಾನು ಈ ಇಳಿವಯಸ್ಸಿನಲ್ಲಿ ಅರ್ಧ ನಿಶ್ಚಿತಾರ್ಥವಾದ ಹೆಂಗಸಾಗಿ ಕೂತಿದ್ದೇನೆ. ನಾನು ಬಟ್ಟೆ ಹೊಲಿಯುವವಳು. ಅರ್ಧ ಹೊಲಿದ ಅಂಗಿಯನ್ನು ಯಾರೂ ತೊಡುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು.

ಕೋಪದಿಂದಲೇ ಬರೆಯಲು ಕೂತೆ. ಆದರೆ ‘ಬಾತುಕೋಳಿ’ ಎಂದು ಬರೆದಾಗಲೆಲ್ಲ ನಗು ಬರುತ್ತಿದೆ, ಏನು ಮಾಡಲಿ? ಪಕ್ಕದಲ್ಲಿ ಕೂತ ನನ್ನ ತಂಗಿ ಇವಾನಾ, “ಏನೇ ಅಕ್ಕ, ಸರ್ಕಾರಕ್ಕೆ ಬರೀತಾ ಹೀಗೆ ಕಿಸಿಕಿಸಿ ಅಂತೀಯಲ್ಲೇ, ತಲೆ ಕೆಟ್ಟಿದೆಯಾ?” ಎಂದು ಕೇಳುತ್ತಿದ್ದಾಳೆ. ಕೆಟ್ಟಿದೆ, ಮಾನ್ಯರೇ. ವಸಂತದಿಂದಲೇ ಕೆಟ್ಟಿದೆ. ಅದಕ್ಕೆ ಕಾರಣರಾದವರ ಹೆಸರು ಫುಲ್ವಿಯೊ.

ಫುಲ್ವಿಯೊ ಅವರು ಇದೇ ನಗರದಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು. ಸಮವಸ್ತ್ರದ ಕೋಟಿನ ಹಿತ್ತಾಳೆ ಗುಂಡಿ ತೆಗೆದು ಸಾದಾ ಗುಂಡಿ ಹಾಕಿಕೊಡಿ ಎಂದು ಒಂದು ದಿನ ನನ್ನ ಅಂಗಡಿಗೆ ಬಂದರು. ಆಮೇಲೆ ಅದೇ ಕೋಟಿನ ತೋಳು ಹರಿಯಿತು. ಆಮೇಲೆ ಒಂದು ಪ್ಯಾಂಟಿನ ಅಂಚು ಬಿಚ್ಚಿತು. ಹೊಲಿದು ಕೊಟ್ಟ ವಾರಕ್ಕೇ ಅದೇ ಅಂಚು ಮತ್ತೆ ಬಿಚ್ಚಿಕೊಂಡು ಬಂತು. ನನ್ನ ಕೈಹೊಲಿಗೆ ಹಾಗೆ ಬಿಚ್ಚಿಕೊಳ್ಳುವಂಥದ್ದಲ್ಲ! ದಾರವನ್ನು ಬ್ಲೇಡಿನಿಂದ ಕತ್ತರಿಸಿದ್ದು ಎದ್ದು ಕಾಣುತ್ತಿತ್ತು. ನಾನು ಏನೂ ಕಾಣದವಳಂತೆ ಮತ್ತೆ ಹೊಲಿದೆ. ನನ್ನ ಯಜಮಾನರು ರೆಮೊ ತೀರಿಕೊಂಡು ಬಹಳ ಕಾಲವಾಗಿತ್ತು. ಆ ಪ್ಯಾಂಟನ್ನು ಮಡಚಿಡುವಾಗ ನಾನು ಹಾಡು ಗುನುಗುತ್ತಿದ್ದೆನಂತೆ. ಇವಾನಾ ಹೇಳಿದ ಮೇಲೇ ನನಗೂ ತಿಳಿದದ್ದು.

ಈ ಮನುಷ್ಯರಿಗೆ ಮಾತು ಬಾರದು. ಬದುಕೆಲ್ಲ ‘ಚಾಲಕನೊಡನೆ ಮಾತನಾಡಬಾರದು’ ಎಂಬ ಫಲಕದ ಕೆಳಗೆ, ಊರಿಗೆಲ್ಲ ಬೆನ್ನು ತೋರಿಸಿ ಕೂತವರು ಅವರು. ಅಂಗಡಿಯಲ್ಲಿ “ಬಿಸಿಲು ಜಾಸ್ತಿ” ಎಂದರೆ ಅವತ್ತಿನ ಭಾಷಣ ಮುಗಿಯಿತು. ಕಾಫಿ ಕುಡಿಯುವಲ್ಲಿ ಅದೂ ಇಲ್ಲ. ಅಂಥವರನ್ನು ನಿಮ್ಮ ಉದ್ಯಾನದ ಕೊಳಕ್ಕೆ ಕರೆದದ್ದು ನಾನೇ. ಏಳನೇ ನಂಬರಿನ ನೀಲಿ ದೋಣಿ ಸಿಕ್ಕಿತು. ಅವರು ಹುಟ್ಟು ಹಿಡಿದರು. ಹುಟ್ಟು ಹಾಕುವವರು ಎದುರಿಗೆ ಕೂತವರನ್ನೇ ನೋಡಬೇಕಲ್ಲ, ಬೇರೆ ದಾರಿಯೇ ಇಲ್ಲ! ಪ್ರಯಾಣಿಕರೊಬ್ಬರ ಮುಖ ನೋಡುತ್ತ ಬಂಡಿ ಓಡಿಸಿದ್ದು ಅವರ ಜನ್ಮದಲ್ಲಿ ಅದೇ ಮೊದಲು. ಕೊಳದ ನಡುವೆ ಬಂದದ್ದೇ ತಡ, ಮಾತಿನ ಕಟ್ಟೆ ಒಡೆಯಿತು. ತಾಯಿಯ ವಿಚಾರ, ಮಂಜಿನಲ್ಲಿ ಟ್ರಾಮ್ ಓಡಿಸಿದ ವಿಚಾರ, ಹಳಿಯ ಮೇಲೆ ಮದುವೆ ದಿಬ್ಬಣ ನಿಂತಾಗ ತಾವೂ ಇಳಿದು ಕುಣಿದ ವಿಚಾರ. ನಾನು ನಕ್ಕ ನಗುವಿಗೆ ಆಮೆಗಳು ದಂಡೆಯಿಂದ ನೀರಿಗೆ ಹಾರಿದವು. ಆಮೇಲೆ ಅವರು ತಟ್ಟನೆ ಗಂಭೀರರಾಗಿ, “ಓರ್ನೆಲ್ಲಾ ಅವ್ರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ…” ಎಂದರು.

“ಏಳನೇ ನಂಬರ್! ಟೈಮ್ ಆಯ್ತು! ದಡಕ್ಕೆ ಬನ್ನಿ!”

ಮಾನ್ಯರೇ, ಅದು ನಿಮ್ಮ ದೋಣಿಕಟ್ಟೆಯ ಸ್ಪಾರ್ತಾಕೊ. ಒಳ್ಳೆಯ ಹುಡುಗ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮೈಕು. ಬೇರೆ ಗಂಡಸಾಗಿದ್ದರೆ “ಇರೋ ಮಾರಾಯ” ಎಂದು ಕೈ ಬೀಸಿ ಮಾತು ಮುಗಿಸುತ್ತಿದ್ದ. ಫುಲ್ವಿಯೊ ಅವರೋ, ಒಮ್ಮೆಯೂ ತಡಮಾಡದ ಟ್ರಾಮ್ ಚಾಲಕರು! ಕೂಗು ಕಿವಿಗೆ ಬಿದ್ದೊಡನೆ ಬಾಯಿ ಮುಚ್ಚಿ ನೇರ ದಡಕ್ಕೆ ಹುಟ್ಟು ಹಾಕಿದರು. ನೆಲಕ್ಕೆ ಕಾಲಿಟ್ಟ ಮೇಲೆ, “ಬಿಸಿಲು ಜಾಸ್ತಿ” ಎಂದರು.

ಮುಂದಿನ ಭಾನುವಾರವೂ ಇದೇ ಕಥೆ. ಅಂದು “ಒಂದು ಮಾತು” ಎನ್ನುವಷ್ಟರಲ್ಲಿ ಸ್ಪಾರ್ತಾಕೊ, “ಏಳನೇ ನಂಬರ್ ಅಜ್ಜಾ, ಮುತ್ತು ಕೊಡೋದಾದ್ರೆ ಬೇಗ ಕೊಡಿ, ಮುಂದಿನವ್ರು ಕಾಯ್ತಿದಾರೆ!” ಎಂದು ಕೊಳಕ್ಕೆಲ್ಲ ಕೇಳುವಂತೆ ಕೂಗಿದ. ಹನ್ನೆರಡು ದೋಣಿಗಳ ಜನ ಚಪ್ಪಾಳೆ ತಟ್ಟಿದರು. ಫುಲ್ವಿಯೊ ಅವರ ಕಿವಿ ಟೊಮೇಟೊ ಹಣ್ಣಾಯಿತು. ನನಗೂ ನಾಚಿಕೆಯಾಯಿತು, ಆದರೆ ಚಪ್ಪಾಳೆ ಇಷ್ಟು ಬೇಗ ನಿಲ್ಲಬಾರದಿತ್ತು ಎಂದೂ ಅನ್ನಿಸಿತು.

ಮೂರನೆಯ ಸಲ ಅವರು ಮಾತನ್ನು ನಂಬಲಿಲ್ಲ. ಬೇಕರಿಯ ಪೊಟ್ಟಣ ತಂದರು. ಒಳಗೆ ಮಾರಿತೊತ್ಸೊ, ನಮ್ಮೂರಿನ ಕೆನೆ ತುಂಬಿದ ಬನ್ನು. ನಮ್ಮ ಅಜ್ಜಿಯರ ಕಾಲದಲ್ಲಿ ಹುಡುಗರು ಇಂಥ ಬನ್ನಿನ ಕೆನೆಯಲ್ಲಿ ಉಂಗುರ ಹುದುಗಿಸಿ ಹುಡುಗಿಗೆ ಕೊಡುತ್ತಿದ್ದರು, ನಿಮ್ಮ ಅಜ್ಜಿಗೂ ಕೊಟ್ಟಿರಬಹುದು. ನನಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ, ಮಂಕು ಬಡಿದವಳಂತೆ ಕೂತಿದ್ದೆ. “ಮೆಲ್ಲಗೆ ಕಚ್ಚಿ,” ಎಂದರು. “ಯಾಕ್ರೀ, ನನ್ನ ಹಲ್ಲು ಗಟ್ಟಿಯಾಗೇ ಇವೆ,” ಎಂದೆ. “ಇರ್ಲಿ, ಆದ್ರೂ ಮೆಲ್ಲಗೆ,” ಎಂದರು. ಬನ್ನನ್ನು ಎರಡೂ ಕೈಯಲ್ಲಿ ಎತ್ತಿದೆ, ಬಾಯಿ ತೆರೆದೆ.

“ಏಳನೇ ನಂಬರ್!”

ಅವರು ಬೆಚ್ಚಿ ಎದ್ದು ನಿಂತರು. ದೋಣಿ ವಾಲಿತು. ಬನ್ನು ನೀರಿಗೆ ಹಾರಿತು. ಎಲ್ಲಿದ್ದವೋ ಏನೋ, ಕೊಳದ ಬಾತುಕೋಳಿಗಳೆಲ್ಲ ಒಟ್ಟಿಗೆ ಮುಗಿಬಿದ್ದವು. ಬಾಲದ ಗರಿ ಮುರಿದ, ಹಸಿರು ತಲೆಯ ಗಂಡು ಬಾತೊಂದು ಕೆನೆಯ ದೊಡ್ಡ ಮುದ್ದೆಯನ್ನೇ ಗುಳುಂ ಮಾಡಿತು. ಅದರ ಕೊಕ್ಕಿನಲ್ಲಿ ಏನೋ ಫಳ್ಳೆಂದಿತು. “ಅಯ್ಯೋ, ಉಂಗುರ!” ಎಂದು ಫುಲ್ವಿಯೊ ಅವರು ಚೀರಿದರು. ಆಗ ಮೈಕಿನಲ್ಲಿ ಬಂದ ಉತ್ತರ ಇದು: “ಏಳನೇ ನಂಬರ್! ಬಾತುಕೋಳಿಗೆ ತಿಂಡಿ ಹಾಕಂಗಿಲ್ಲ, ಬೋರ್ಡ್ ಓದಕ್ ಬರಲ್ವಾ?”

ಅಂದಿನಿಂದ ಫುಲ್ವಿಯೊ ಅವರು ನನಗೆ ಮುಖ ತೋರಿಸುತ್ತಿಲ್ಲ. ಅಂಗಡಿಗೆ ಬರುವುದಿಲ್ಲ. ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಾರೆ. ಬೆಳಗಾದರೆ ಕೊಳದ ಬೇಲಿಗೆ ಒರಗಿ, ಕನ್ನಡಕ ಏರಿಸಿ, ಆ ಹಸಿರು ತಲೆಯ ಬಾತುಕೋಳಿಯ ಹಿಂಭಾಗವನ್ನೇ ನೋಡುತ್ತ ನಿಲ್ಲುತ್ತಾರೆ. ಅದು ಏನು ವಿಸರ್ಜಿಸೀತೆಂದು ಕಾಯುತ್ತಿದ್ದಾರೆ! ನಡೆಯಲು ಬರುವವರು ಸುಮ್ಮನಿರುತ್ತಾರೆಯೇ? “ಏನಜ್ಜ, ಬಾತುಕೋಳಿ ಮೇಲೆ ಮನಸ್ಸಾಯ್ತಾ?” ಎಂದು ರೇಗಿಸುತ್ತಾರಂತೆ. ಸ್ಪಾರ್ತಾಕೊ ನಿನ್ನೆ ನನ್ನ ಅಂಗಡಿಗೇ ಬಂದು, “ಅಕ್ಕಾ, ನಂದೇ ತಪ್ಪು, ಆದ್ರೆ ಏನ್ ಮಾಡ್ಲಿ, ಕೂಗ್ದೆ ಇದ್ರೆ ಸಾಹೇಬ್ರು ನನ್ನ ಮೇಲೆ ಕೂಗ್ತಾರೆ,” ಎಂದು ಕಣ್ಣೊರೆಸಿಕೊಂಡ. ಆ ಸಾಹೇಬರು ನೀವೇ, ಮಾನ್ಯರೇ.

ಬ್ರೆಡ್ಡು ತಿಂದರೆ ಪಕ್ಷಿಗಳಿಗೆ ಕಾಯಿಲೆಯಾಗುತ್ತದೆ, ನಿಯಮ ಸರಿಯಾಗಿದೆ. ಆದರೆ ನನ್ನ ಬಾಯಿಗೆಂದು ತಂದ ಬನ್ನನ್ನು ಕಸಿದುಕೊಂಡವರು ಯಾರು? ತಪ್ಪಿತಸ್ಥರನ್ನು ಹುಡುಕುವುದೇ ಆದರೆ ಆ ಬಾತುಕೋಳಿಗೂ ನಿಷೇಧ ಹೇರಿರಿ, ಅದು ಬೇಸಿಗೆಯಿಡೀ ದಡದಲ್ಲಿ ಕೂರಲಿ. ನಿಮ್ಮ ಹೆಬ್ಬಾಗಿಲಿನ ಫಲಕದಲ್ಲೇ ಬರೆದಿದೆ, ಈ ತೋಟ ಮಾಡಿಸಿದ್ದು ಒಬ್ಬ ಕಾರ್ಡಿನಲ್ ಎಂದು. ಮದುವೆಯ ಹಂಗೇ ಇಲ್ಲದ ಆ ದೊಡ್ಡ ಪಾದ್ರಿಗಳ ಅತಿಥಿಗಳಿಗೆ ಪೈನ್ ಮರದ ನೆರಳಲ್ಲಿ ಪಿಸುಗುಟ್ಟುವಾಗ “ಟೈಮ್ ಆಯ್ತು” ಎಂದು ಯಾರಾದರೂ ಕೂಗಿದ್ದರೇ? ತೋಟ ಪ್ರಜೆಗಳ ಕೈಗೆ ಬಂದಾಗ ಬಿಡುವು ಮಾತ್ರ ಕಾರ್ಡಿನಲ್ಲರ ಜೊತೆಗೇ ಹೋಯಿತೇ? ಊರೆಲ್ಲ ಅವಸರ ಎಂದೇ ಅಲ್ಲವೇ ನಾವು ಗುಡ್ಡ ಹತ್ತಿ ನಿಮ್ಮ ತೋಟಕ್ಕೆ ಬರುವುದು?

ಉಂಗುರ ನನಗೆ ಬೇಡ. ಬಾತುಕೋಳಿಯೇ ಇಟ್ಟುಕೊಳ್ಳಲಿ, ಅದಕ್ಕೂ ಯಾರಾದರೂ ಇರಬಹುದು. ನಿಮ್ಮ ಆಜ್ಞೆಯನ್ನು ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ಓದಿದೆ. ಫುಲ್ವಿಯೊ ಅವರಿಗೆ ದೋಣಿ ಬಾಡಿಗೆಗೆ ಕೊಡಕೂಡದೆಂದಿದೆ. ನನಗೆ ಕೊಡಕೂಡದೆಂದು ಎಲ್ಲೂ ಇಲ್ಲ! ಈ ಭಾನುವಾರ ನನ್ನ ಹೆಸರಿನಲ್ಲಿ ದೋಣಿ ಪಡೆದು ನಾನೇ ಹುಟ್ಟು ಹಾಕುತ್ತೇನೆ. ಅಂದು ಮೈಕನ್ನು ನಿಮ್ಮ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂಬುದು ನನ್ನ ಒಂದೇ ಒತ್ತಾಯ. ಹಾಕದಿದ್ದರೂ ಚಿಂತೆಯಿಲ್ಲ. ನಾನು ಟ್ರಾಮ್ ಓಡಿಸಿದವಳಲ್ಲ, ಸ್ಪಾರ್ತಾಕೊ ಗಂಟಲು ಹರಿದುಕೊಂಡರೂ ದಡಕ್ಕೆ ಬರುವವಳಲ್ಲ. ಬೇಕಿದ್ದರೆ ನೀವೇ ಈಜಿಕೊಂಡು ಬನ್ನಿ.

ಕೊನೆಯದಾಗಿ, ನಿಮ್ಮ ಅಪ್ಪಣೆ ಪಡೆದು ಬೇರೊಬ್ಬರಿಗೆ ಎರಡು ಮಾತು. ಅವರು ಕೊಳಕ್ಕೆ ಹೋಗುವ ಮುನ್ನ ಮೂಲೆಯ ಕಾಫಿಯಂಗಡಿಯಲ್ಲಿ ನಿಂತುಕೊಂಡೇ ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಇಲ್ಲಿ ಅಚ್ಚು ಹಾಕಿಸಿದ್ದು. ಫುಲ್ವಿಯೊ ಅವ್ರೇ, ಆ ಬಾತುಕೋಳಿನ ಬಿಟ್ಟು ಮನೆಗೆ ಹೋಗಿ, ಕೋಟು ಹಾಕ್ಕೊಂಡು ಭಾನುವಾರ ಬನ್ನಿ. ಪ್ರಶ್ನೆನ ದೋಣೀಲಿ ನಿಧಾನವಾಗಿ ಕೇಳಿ, ಎಷ್ಟು ಹೊತ್ತು ಬೇಕೋ ತಗೊಳ್ಳಿ. ಉತ್ತರ ಮಾತ್ರ ಈಗ್ಲೇ ಕೊಟ್ಟಿರ್ತೀನಿ: ಹೂಂ.

ಇಂತಿ,
ಬೆರಳು ಬರಿದಾಗಿದ್ದರೂ ಮನಸ್ಸು ತುಂಬಿಕೊಂಡಿರುವ, ಇಂದು ಸಂಜೆಯಿಂದಲೇ ಹುಟ್ಟು ಹಾಕುವುದನ್ನು ಕಲಿಯಬೇಕಿರುವ,
ಓರ್ನೆಲ್ಲಾ, ದರ್ಜಿ